ಗಾಯ ಚಿಕ್ಕದು, ಹಾಗಾದರೆ ವಿಶ್ರಾಂತಿಯೂ ಚಿಕ್ಕದೇ?



ನಮ್ಮ ವಾಳಪೈಯಲ್ಲಿ, ಸತ್ತರಿ ತಾಲೂಕಿನ ಉಳಿದ ಊರುಗಳಲ್ಲಿ ಹೊಟ್ಟೆಯ ಆಪರೇಷನ್ ಎಂದರೆ ಈಗ ಮೊದಲಿನಂತೆ ಗೇಣುದ್ದದ ಕೊಯ್ತ ಆಗಬೇಕೆಂದಿಲ್ಲ. ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್, ಹರ್ನಿಯಾ, ಗರ್ಭಕೋಶ, ಇವುಗಳಲ್ಲಿ ಬಹಳಷ್ಟು ಆಪರೇಷನ್‌ಗಳನ್ನು ಸಣ್ಣ ರಂಧ್ರಗಳ ಮೂಲಕವೇ ಮಾಡುತ್ತಾರೆ. ಡಾಕ್ಟರರು ಇದನ್ನು ಲ್ಯಾಪ್ರೋಸ್ಕೋಪಿ ಎನ್ನುತ್ತಾರೆ, ಕೆಲವರು ಕೀಹೋಲ್ ಆಪರೇಷನ್ ಎನ್ನುತ್ತಾರೆ, ಮರಾಠಿ ಮಾತನಾಡುವ ನೆರೆಯವರಿಗೆ ಇದು ದುರ್ಬೀಣಿನ ಆಪರೇಷನ್. ಹೆಸರು ಯಾವುದಾದರೂ ಇರಲಿ, ರೋಗಿ ಮರುದಿನವೋ ಮೂರನೆಯ ದಿನವೋ ನಡೆದುಕೊಂಡೇ ಮನೆಗೆ ಬರುತ್ತಾರೆ. ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ಪಟ್ಟಿಗಳು ಮಾತ್ರ ಇರುತ್ತವೆ.

ಅಂಥ ಮನೆಗಳಿಗೆ ಭೇಟಿ ಕೊಟ್ಟಾಗ ಯುವಜನ ಗುಂಪಿನ ನಮಗೆ ಮತ್ತೆ ಮತ್ತೆ ಕೇಳಿಬರುವ ಮಾತು ಒಂದಿದೆ. "ಏನವ್ವಾ, ನಾಲ್ಕ ತೂತ ಅಷ್ಟ ಅಲ್ಲೇನ? ಇನ್ನೂ ಮಲ್ಕೊಂಡೀಯಲ್ಲ!" ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ. ಧೈರ್ಯ ತುಂಬಲೆಂದೇ ಹೇಳುತ್ತಾರೆ. ಆದರೆ ಕೇಳಿಸಿಕೊಂಡವರು ಸೆರಗು ಸರಿಮಾಡಿಕೊಂಡು ಎದ್ದು ಕೂರುತ್ತಾರೆ. ಮಾರನೆಯ ದಿನ ಕೊಡ ಎತ್ತುತ್ತಾರೆ. ಮೂರನೆಯ ದಿನ ಕೆಲಸಕ್ಕೆ ಹೊರಡುತ್ತಾರೆ.

ಹೀಗೆ ಹೊರಟವರಲ್ಲಿ ಕೆಲವರು ಚೆನ್ನಾಗಿಯೇ ಇರುತ್ತಾರೆ, ಕೆಲವರು ಇರುವುದಿಲ್ಲ. ಆದ್ದರಿಂದ ಇದನ್ನು ಆರೋಗ್ಯದ ವಿಷಯವೆಂದು ಡಾಕ್ಟರರಿಗೆ ಬಿಟ್ಟು ಸುಮ್ಮನಿರಲು ನಮಗೆ ಆಗಲಿಲ್ಲ. ಇದರೊಳಗೆ ನ್ಯಾಯದ ಪ್ರಶ್ನೆಯೊಂದಿದೆ. ಇನ್ನೊಬ್ಬರ ನೋವನ್ನು ಅಳೆಯುವ ಹಕ್ಕು ನಮಗೆ ಇದೆಯೇ? ಗಾಯ ಚಿಕ್ಕದಾಗಿ ಕಂಡರೆ ವಿಶ್ರಾಂತಿಯ ಹಕ್ಕೂ ಚಿಕ್ಕದಾಗುತ್ತದೆಯೇ? ಆ ವಿಶ್ರಾಂತಿಯ ಬೆಲೆಯನ್ನು ಯಾರು ಕೊಡಬೇಕು?

ಬಾಗಿಲು ಚಿಕ್ಕದು, ಒಳಗಿನ ಕೆಲಸ ಚಿಕ್ಕದಲ್ಲ

ಮೊದಲು ವಿಷಯ ತಿಳಿದುಕೊಳ್ಳೋಣ. ಈ ವಿಧಾನ ಒಂದೇ ದಿನದಲ್ಲಿ ಬಂದದ್ದಲ್ಲ. 1910ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಎಂಬ ವೈದ್ಯರು ಮನುಷ್ಯನ ಹೊಟ್ಟೆಯೊಳಗೆ ನಳಿಗೆಯ ಮೂಲಕ ನೋಡಿದ ವರದಿ ಕೊಟ್ಟರು. ಬಹುಕಾಲ ಅದು ನೋಡುವುದಕ್ಕೆ ಮಾತ್ರ ಬಳಕೆಯಾಯಿತು. 1980ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಕುರ್ಟ್ ಸೆಮ್ ಇದೇ ದಾರಿಯಲ್ಲಿ ಅಪೆಂಡಿಕ್ಸ್ ತೆಗೆದರು. 1985ರಲ್ಲಿ ಅದೇ ದೇಶದ ಎರಿಕ್ ಮ್ಯೂಹೆ ಪಿತ್ತಕೋಶ ತೆಗೆದರು. ಮರುವರ್ಷ ಶಸ್ತ್ರವೈದ್ಯರ ಸಭೆಯಲ್ಲಿ ಅವರು ಅದನ್ನು ಮಂಡಿಸಿದಾಗ ಬಹುಮಂದಿ ಒಪ್ಪಲಿಲ್ಲ. ದೊಡ್ಡ ಸರ್ಜನ್ ಎಂದರೆ ದೊಡ್ಡದಾಗಿ ಕೊಯ್ದು ಚೆನ್ನಾಗಿ ನೋಡುವವನು ಎಂಬ ಭಾವನೆ ಆಗ ಗಟ್ಟಿಯಾಗಿತ್ತು. ಭಾರತದಲ್ಲಿ 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್‌ಟನ್ ಉದ್ವಾಡಿಯಾ ಅವರು ಈ ರೀತಿಯಲ್ಲಿ ಪಿತ್ತಕೋಶ ತೆಗೆದು ದಾರಿ ತೋರಿದರು. ದೊಡ್ಡ ಯಂತ್ರಗಳಿಲ್ಲದ ಕಡೆಯ ಬಡವರಿಗೂ ಇದು ಸಿಗಬೇಕು ಎಂಬುದು ಅವರ ಹಟವಾಗಿತ್ತು. ಬಡವನಿಗೆ ಬೇಗ ಕೆಲಸಕ್ಕೆ ಮರಳುವುದೇ ದೊಡ್ಡ ಉಪಕಾರವಲ್ಲವೇ?

ಉಪಕಾರ ನಿಜ. ಕೊಯ್ತ ಚಿಕ್ಕದಾದ್ದರಿಂದ ನೋವು ಕಡಿಮೆ, ಸೋಂಕು ಕಡಿಮೆ, ಆಸ್ಪತ್ರೆಯ ದಿನಗಳು ಕಡಿಮೆ. ಇದಕ್ಕಾಗಿ ದೇವರಿಗೂ ವಿಜ್ಞಾನಕ್ಕೂ ವಂದನೆ ಹೇಳಬೇಕು. ಆದರೆ "ಕಡಿಮೆ" ಎಂದರೆ "ಇಲ್ಲ" ಎಂದರ್ಥವಲ್ಲ. ಪಿತ್ತಕೋಶದ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ನಾಲ್ಕು ರಂಧ್ರಗಳಿರುತ್ತವೆ. ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗೆ, ಒಮ್ಮೊಮ್ಮೆ ಅದಕ್ಕಿಂತ ತುಸು ದೊಡ್ಡದಾಗಿ. ಆದರೆ ಒಳಗೆ ತೆಗೆಯುವ ಅಂಗ ಹಳೆಯ ವಿಧಾನದಲ್ಲಿ ತೆಗೆಯುತ್ತಿದ್ದ ಅದೇ ಅಂಗ. ಕಟ್ಟುವ ನಾಳ, ರಕ್ತನಾಳ ಅವೇ. ಪೂರ್ಣ ಅರಿವಳಿಕೆಯೂ ಅದೇ. ಚಿಕ್ಕದಾದದ್ದು ಬಾಗಿಲು. ಒಳಗಿನ ಕೋಣೆ ಮೊದಲಿನಷ್ಟೇ ದೊಡ್ಡದು.

ಇದಲ್ಲದೆ ಸಲಕರಣೆ ಆಡಿಸಲು ಜಾಗ ಬೇಕೆಂದು ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಅದನ್ನು ಬಲೂನಿನಂತೆ ಉಬ್ಬಿಸುತ್ತಾರೆ. ಮುಗಿದ ಮೇಲೆ ಹೊರಬಿಟ್ಟರೂ ಸ್ವಲ್ಪ ಉಳಿಯುತ್ತದೆ. ಅದು ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸುತ್ತದೆ. ವಪೆಯ ನರಕ್ಕೂ ಭುಜದ ನರಕ್ಕೂ ಬೇರು ಕುತ್ತಿಗೆಯ ಒಂದೇ ಭಾಗದಲ್ಲಿರುವುದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. "ಆಪರೇಷನ್ ಹೊಟ್ಟೀದು, ನೋವು ಹೆಗಲಿಂದಂತ, ನಾಟಕ ಮಾಡ್ತಾಳ" ಎಂದು ಮನೆಯವರೇ ನಗುವುದುಂಟು. ಅದು ನಾಟಕವಲ್ಲ, ನಮ್ಮ ದೇಹ ಇರುವುದೇ ಹಾಗೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಅದು ಕಡಿಮೆಯಾಗುತ್ತದೆ. ಮೆಲ್ಲಗೆ ನಡೆದಾಡಿದರೆ ಹಾಯೆನಿಸುತ್ತದೆ.

ಗಾಯ ಮಾಯುವ ಲೆಕ್ಕವನ್ನೂ ನೋಡಿ. ಚರ್ಮದ ಮೇಲ್ಪದರ ಎರಡು ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಒಂದು ವಾರಕ್ಕೆ ಹೊಲಿಗೆಯೂ ಒಣಗಿದಂತೆ ಕಾಣುತ್ತದೆ. ಆದರೆ ಜೀವಶಾಸ್ತ್ರದ ಪಾಠದಲ್ಲಿ ಓದಿದ ಹಾಗೆ, ಮೂರು ವಾರ ಕಳೆದಾಗ ಗಾಯಕ್ಕೆ ಬಂದಿರುವುದು ಮೊದಲಿನ ಬಲದಲ್ಲಿ ಸುಮಾರು ಕಾಲು ಭಾಗ. ಮೂರು ತಿಂಗಳಿಗೆ ಸುಮಾರು ನೂರಕ್ಕೆ 80. ಪೂರ್ತಿ ಮೊದಲಿನ ಬಲ ಆ ಜಾಗಕ್ಕೆ ಎಂದೂ ಬರುವುದಿಲ್ಲ. ಕಣ್ಣಿಗೆ ವಾಸಿಯಾದಂತೆ ಕಾಣುವ ದಿನಕ್ಕೂ ಭಾರ ತಾಳುವ ದಿನಕ್ಕೂ ನಡುವೆ ವಾರಗಳ ಅಂತರವಿದೆ. ಪಟ್ಟಿ ಬಿಚ್ಚಿದ ದಿನವೇ ಸಿಮೆಂಟಿನ ಚೀಲ ಎತ್ತಿದರೆ ಆ ಜಾಗದಲ್ಲಿ ಹರ್ನಿಯಾ ಆಗುವ ಅಪಾಯವಿದೆ. ಹೊಕ್ಕಳ ಬಳಿಯ ದೊಡ್ಡ ರಂಧ್ರದಲ್ಲಿ ಆ ಅಪಾಯ ಹೆಚ್ಚು.

ಯಾವಾಗ ಏನು ನಿರೀಕ್ಷಿಸಬಹುದು

ಒಬ್ಬೊಬ್ಬರ ದೇಹ ಒಂದೊಂದು ತರಹ, ಆಪರೇಷನ್ನುಗಳೂ ಬೇರೆ ಬೇರೆ. ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು. ಆದರೂ ಪಿತ್ತಕೋಶ, ಅಪೆಂಡಿಕ್ಸ್‌ನಂಥ ಸಾಮಾನ್ಯ ಆಪರೇಷನ್ ಯಾವ ತೊಡಕೂ ಇಲ್ಲದೆ ಮುಗಿದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಚಿತ್ರ ಹೀಗಿದೆ.

ಮೊದಲ ಎರಡು ಮೂರು ದಿನ ಹೊಟ್ಟೆ ಉಬ್ಬರ, ಭುಜನೋವು, ಗಂಟಲಲ್ಲಿ ಕೆರೆತ. ಅರಿವಳಿಕೆಯ ಹೊತ್ತಿನಲ್ಲಿ ಉಸಿರಿಗಾಗಿ ನಳಿಗೆ ಹಾಕಿರುವುದರಿಂದ ಗಂಟಲು ಹಾಗಾಗುತ್ತದೆ. ರಂಧ್ರಗಳ ಸುತ್ತ ನೀಲಿಗಟ್ಟಬಹುದು. ನೋವಿನ ಗುಳಿಗೆಯಿಂದ ಮಲಬದ್ಧತೆ ಆಗಬಹುದು. ಮೊದಲ ವಾರವಿಡೀ ಆಯಾಸ ಇರುತ್ತದೆ. ಸ್ನಾನ ಮಾಡಿ ಬಂದರೆ ಮಲಗಬೇಕೆನಿಸುತ್ತದೆ. ಪಿತ್ತಕೋಶ ತೆಗೆದ ಕೆಲವರಿಗೆ ಎಣ್ಣೆ ಪದಾರ್ಥ ತಿಂದ ಮೇಲೆ ಕೆಲವು ದಿನ ಭೇದಿಯಾಗುವುದುಂಟು. ಕೂತು ಮಾಡುವ ಕೆಲಸದವರು ಒಂದೆರಡು ವಾರದಲ್ಲಿ ಮರಳಬಹುದು. ಭಾರ ಎತ್ತುವವರಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಗರ್ಭಕೋಶ ತೆಗೆದವರಿಗೂ ಅಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು. ಒಳಗೆ ತೊಡಕು ಕಂಡರೆ ಡಾಕ್ಟರರು ಆಪರೇಷನ್ನಿನ ನಡುವೆಯೇ ರಂಧ್ರದ ದಾರಿ ಬಿಟ್ಟು ದೊಡ್ಡದಾಗಿ ತೆರೆಯಬೇಕಾಗಬಹುದು. ಅದು ಸೋಲಲ್ಲ, ಜಾಗ್ರತೆ. ಆಗ ಈ ಲೆಕ್ಕವೆಲ್ಲ ಬದಲಾಗುತ್ತದೆ.

ಕೆಲವು ಲಕ್ಷಣಗಳಿಗೆ ಕಾಯಬಾರದು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ, ದಿನದಿಂದ ದಿನಕ್ಕೆ ಏರುವ ಹೊಟ್ಟೆನೋವು, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಗಾಯದಿಂದ ಕೀವು, ಮೂತ್ರ ಕಟ್ಟುವುದು, ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಉಸಿರುಗಟ್ಟುವುದು. ಇವುಗಳಲ್ಲಿ ಯಾವುದು ಕಂಡರೂ "ಆಪರೇಷನ್ ಆದ ಮೇಲೆ ಇದೆಲ್ಲ ಇದ್ದದ್ದೇ" ಎನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸಹಜವಾದ ನೋವು ದಿನೇ ದಿನೇ ಇಳಿಯುತ್ತಾ ಹೋಗುತ್ತದೆ. ಏರುತ್ತಾ ಹೋಗುವ ನೋವು ಸಹಜವಲ್ಲ. ಈ ಒಂದು ಮಾತು ನೆನಪಿದ್ದರೂ ಸಾಕು.

ಇನ್ನೊಂದು ತುದಿಯ ತಪ್ಪು ತಿಳಿವಳಿಕೆಯೂ ಇದೆ. ಆಪರೇಷನ್ ಆದವರು ತಿಂಗಳುಗಟ್ಟಲೆ ಅಲುಗಾಡಬಾರದು, ಮೊಟ್ಟೆ, ಮೀನು, ಬದನೆಕಾಯಿ ನಂಜು, ಬರೀ ಗಂಜಿ ಕುಡಿಯಬೇಕು ಎಂಬ ನಂಬಿಕೆ ನಮ್ಮ ಊರುಕಡೆಯಿಂದ ಜೊತೆಗೇ ಬಂದಿದೆ. ಗಾಯ ಕೂಡಲು ದೇಹಕ್ಕೆ ಪ್ರೋಟೀನ್ ಬೇಕು. ಡಾಕ್ಟರ್ ಬೇಡ ಎನ್ನದಿದ್ದರೆ ಬೇಳೆ, ಮೊಟ್ಟೆ, ಮೀನು ಔಷಧಿಯಷ್ಟೇ ಮುಖ್ಯ. ಹಾಗೆಯೇ ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ನಡೆಯಬೇಕು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ವಿಶ್ರಾಂತಿ ಎಂದರೆ ಮಂಚಕ್ಕೆ ಅಂಟಿಕೊಳ್ಳುವುದಲ್ಲ, ಭಾರದಿಂದ ಬಿಡುಗಡೆ.

ಮಾರ್ಕನ ಶುಭಸಂದೇಶದಲ್ಲಿ ಬೆತ್ಸಾಯಿದದ ಕುರುಡನ ಕಥೆ ನಮಗೆ ಗೊತ್ತಿದೆ. ಯೇಸುಸ್ವಾಮಿ ಮೊದಲ ಸಲ ಮುಟ್ಟಿದಾಗ ಅವನಿಗೆ ಎಲ್ಲವೂ ಮಸುಕಾಗಿ ಕಂಡಿತು. ನಡೆದಾಡುವ ಜನರು ಮರಗಳಂತೆ ಕಂಡರು. ಎರಡನೆಯ ಸಲ ಮುಟ್ಟಿದ ಮೇಲೆ ಸ್ಪಷ್ಟವಾಯಿತು. ಗಮನಿಸಬೇಕಾದದ್ದು ಏನೆಂದರೆ, "ಏನಾದರೂ ಕಾಣಿಸುತ್ತಿದೆಯೇ?" ಎಂಬ ಅರ್ಥದ ಪ್ರಶ್ನೆಯನ್ನು ಪ್ರಭುವೇ ಅವನಿಗೆ ಕೇಳುತ್ತಾರೆ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಪೂರ್ತಿ ಗುಣವಾಗಿಲ್ಲ ಎಂದದ್ದಕ್ಕೆ ಅವನನ್ನು ಯಾರೂ ಗದರುವುದಿಲ್ಲ.

ಕಣ್ಣಿನ ತಕ್ಕಡಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗಾಯ ನೋಡಿ ನೋವು ಅಳೆಯುವುದು ಮನುಷ್ಯನ ಹಳೆಯ ಅಭ್ಯಾಸ. ಕಾಲು ಮುರಿದು ಪ್ಲಾಸ್ಟರ್ ಹಾಕಿಕೊಂಡವನಿಗೆ ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತೇವೆ. ನಾಲ್ಕು ರಂಧ್ರಗಳ ಮೇಲೆ ಸೀರೆ ಉಟ್ಟುಕೊಂಡು ನಿಂತವಳಿಗೆ ಯಾರೂ ಕೊಡುವುದಿಲ್ಲ. ಇಲ್ಲಿ ಕ್ರೌರ್ಯವಿಲ್ಲ, ಸಾಕ್ಷಿಯ ಕೊರತೆ ಇದೆ. ಪ್ಲಾಸ್ಟರ್ ತಾನೇ ಮಾತಾಡುತ್ತದೆ. ರಂಧ್ರದ ಪರವಾಗಿ ರೋಗಿಯೇ ಮಾತಾಡಬೇಕು, ಆ ಮಾತನ್ನು ನಂಬಬೇಕೋ ಬೇಡವೋ ಎಂಬ ತೀರ್ಮಾನ ನಮ್ಮ ಕೈಯಲ್ಲಿ ಉಳಿಯುತ್ತದೆ.

ನಂಬಿದರೆ ಕೆಲವರು ಮೋಸ ಮಾಡಬಹುದಲ್ಲ, ನೆಪ ಹೇಳಿ ಕೆಲಸ ತಪ್ಪಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಹಾಗಾದರೆ ಎರಡು ತಪ್ಪುಗಳನ್ನೂ ತೂಗಿ ನೋಡೋಣ. ನೆಪ ಹೇಳುವವರನ್ನು ನಂಬಿದರೆ ನಮಗಾಗುವ ನಷ್ಟ ಕೆಲವು ದಿನಗಳ ಕೆಲಸ. ನಿಜ ಹೇಳುವವರನ್ನು ನಂಬದಿದ್ದರೆ ಅವರಿಗಾಗುವ ನಷ್ಟ ಹರ್ನಿಯಾ, ಎರಡನೆಯ ಆಪರೇಷನ್, ಮತ್ತೆ ವಾರಗಟ್ಟಲೆ ಕೂಲಿ. ಮೊದಲನೆಯ ನಷ್ಟ ನಮ್ಮದು, ಎರಡನೆಯದು ಅವರದು. ಅನುಮಾನವಿರುವಾಗ ನಷ್ಟವನ್ನು ದುರ್ಬಲರ ಮೇಲೆ ಹೊರಿಸುವುದು ನ್ಯಾಯವಲ್ಲ. ಡಾಕ್ಟರ್ ಬರೆದುಕೊಟ್ಟ ದಿನಗಳು ಮುಗಿಯುವವರೆಗಾದರೂ ರೋಗಿಯ ಮಾತಿಗೆ ಬೆಲೆ ಇರಲಿ.

"ಕಷ್ಟ ಸಹಿಸು, ಅದೇ ನಿನ್ನ ಶಿಲುಬೆ" ಎಂಬ ಮಾತೂ ಒಮ್ಮೊಮ್ಮೆ ಕೇಳಿಬರುತ್ತದೆ. ತಪ್ಪಿಸಲಾಗದ ನೋವನ್ನು ಪ್ರಭುವಿಗೆ ಅರ್ಪಿಸುವುದು ನಮ್ಮ ವಿಶ್ವಾಸದ ಆಳವಾದ ಮಾತು. ಆದರೆ ತಪ್ಪಿಸಬಹುದಾದ ಭಾರವನ್ನು ಇನ್ನೊಬ್ಬರ ಹೆಗಲ ಮೇಲಿಟ್ಟು ಅದಕ್ಕೆ ಶಿಲುಬೆ ಎಂಬ ಹೆಸರು ಕೊಡುವುದು ಬೇರೆ. ಯೇಸುವಿನ ಶಿಲುಬೆಯನ್ನೂ ಸಿರೇನ್ಯದ ಸೀಮೋನ ಹೊತ್ತಿದ್ದಾನೆ. ನೆರವು ಪಡೆಯುವುದು ವಿಶ್ವಾಸದ ಕೊರತೆಯಲ್ಲ.

"ಹಗುರ ಕೆಲಸ" ಎಂದರೆ ಎಷ್ಟು ಕಿಲೋ?

ಡಾಕ್ಟರ್ ಹೇಳುತ್ತಾರೆ: "ಭಾರ ಎತ್ತಬೇಡಿ, ಮನೆಯ ಹಗುರ ಕೆಲಸ ಮಾಡಿ." ಒಳ್ಳೆಯ ಸಲಹೆ. ಆದರೆ ಮನೆಯ ಕೆಲಸ ಹಗುರ ಎಂದು ಯಾರು ಹೇಳಿದರು? ಹದಿನೈದು ಲೀಟರಿನ ಕೊಡದಲ್ಲಿ ನೀರೇ 15 ಕಿಲೋ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ, ಕಬ್ಬಿಣವೂ ಸೇರಿದರೆ ಸುಮಾರು 30 ಕಿಲೋ. ಒಗೆದ ಕಂಬಳಿ ನೀರು ಕುಡಿದು ಎಷ್ಟು ಭಾರವಾಗುತ್ತದೆ ಎಂಬುದು ಹಿಂಡಿದವರಿಗೇ ಗೊತ್ತು. ಎರಡು ವರ್ಷದ ಮಗುವೂ ಹತ್ತು ಕಿಲೋ ಮೀರುತ್ತದೆ, "ಅವ್ವಾ, ಎತ್ಕೋ" ಎಂದು ಅದು ಕೈ ಚಾಚಿದರೆ ಬೇಡ ಎನ್ನುವ ತಾಯಿ ಯಾರು? ಗಂಡಸಿಗೆ ಆಪರೇಷನ್ ಆದರೆ ಮನೆಯೇ ಅವನ ವಿಶ್ರಾಂತಿಯ ಜಾಗ. ಹೆಂಗಸಿಗೆ ಆದರೆ ಮನೆಯೇ ಅವಳ ಕೆಲಸದ ಜಾಗ. ಆಸ್ಪತ್ರೆಯಿಂದ ಮನೆಗೆ ಕಳಿಸಿದರು ಎಂದರೆ ಇಬ್ಬರಿಗೂ ಒಂದೇ ಅರ್ಥವಲ್ಲ.

ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮೊದಲು "ಹಗುರ", "ಭಾರ" ಎಂಬ ಮಾತಿಗೆ ನಿಲ್ಲದೆ ಕೇಳಬೇಕು: ಎಷ್ಟು ಕಿಲೋವರೆಗೆ ಎತ್ತಬಹುದು? ಎಷ್ಟು ವಾರ? ಮೆಟ್ಟಿಲು ಹತ್ತಬಹುದೇ? ಸ್ಕೂಟರ್ ಯಾವಾಗ? ಮತ್ತೆ ಯಾವ ದಿನ ತೋರಿಸಬೇಕು?

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ನಮ್ಮ ದೇವಾಲಯದ ಅಂಗಳದಲ್ಲಿ ಬಲಿಪೂಜೆ ಮುಗಿದ ಮೇಲೆ ಕೊಂಕಣಿ, ಕನ್ನಡ, ಮರಾಠಿ ಒಟ್ಟಿಗೆ ಕೇಳಿಸುತ್ತವೆ. ಅದು ನಮ್ಮ ಸಂತೋಷ. ಆಸ್ಪತ್ರೆಯಲ್ಲಿ ಅದೇ ಕಷ್ಟವಾಗುತ್ತದೆ. ಬಿಡುಗಡೆಯ ಕಾಗದ ಇಂಗ್ಲಿಷಿನಲ್ಲಿ, ನರ್ಸಿನ ಮಾತು ಕೊಂಕಣಿಯಲ್ಲಿ, ರೋಗಿಯ ಕಿವಿ ಕನ್ನಡದ್ದು. ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ಬಂದ ಹಿರಿಯರು "ಹೂಂ ಹೂಂ" ಎಂದು ತಲೆಯಾಡಿಸಿ ಬರುತ್ತಾರೆ. ಅರ್ಥವಾಗಲಿಲ್ಲ ಎಂದು ಹೇಳಲು ಸಂಕೋಚ. ತಲೆಯಾಡಿಸಿದ್ದನ್ನು ಅರ್ಥವಾಯಿತು ಎಂದುಕೊಳ್ಳುವುದು ಹೇಳುವವರಿಗೂ ಸುಲಭ. ಆದರೆ ಕೇಳುವವರಿಗೆ ತಲುಪದ ಮಾತು ಸಲಹೆಯಾಗುವುದಿಲ್ಲ. ಅವರವರ ಭಾಷೆಯಲ್ಲಿ, ಅವರವರ ಕೆಲಸಕ್ಕೆ ಹೊಂದುವ ಹಾಗೆ ನಿಜ ಹೇಳುವುದೂ ಚಿಕಿತ್ಸೆಯ ಭಾಗವೇ.

ಧೈರ್ಯ ಹೇಳುವಾಗಲೂ ಇದೇ ಎಚ್ಚರ ಬೇಕು. "ನಾಳೆಯೇ ಎದ್ದು ಓಡಾಡ್ತೀರಿ" ಎಂಬ ಮಾತು ಅರ್ಧ ನಿಜ. ಓಡಾಡುವುದು ನಿಜ, ದುಡಿಯುವುದು ಅಲ್ಲ. ಉಳಿದರ್ಧ ಹೇಳದಿದ್ದರೆ ಹತ್ತನೆಯ ದಿನವೂ ಆಯಾಸ ಉಳಿದಾಗ ರೋಗಿ ತನ್ನ ಮೇಲೇ ಅನುಮಾನ ಪಡುತ್ತಾರೆ: "ಎಲ್ಲಾರೂ ಲಗೂನ ಆರಾಮ ಆಗ್ತಾರ, ನನಗ ಏನಾಗೈತಿ?" ಅತಿಯಾದ ಭರವಸೆ ಹೀಗೆ ಆಮೇಲೆ ಹೆದರಿಕೆಯಾಗುತ್ತದೆ. ಆರು ವಾರ ಎಂದು ಮೊದಲೇ ತಿಳಿದವರಿಗೆ ನಾಲ್ಕನೆಯ ವಾರದಲ್ಲಿ ಹಗುರವೆನಿಸಿದರೆ ಅದು ಸಂತೋಷವಾಗುತ್ತದೆ.

ಆ ದಿನಗಳ ಬೆಲೆ

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ವಿಶ್ರಾಂತಿ ಬೇಕು ಎಂದು ಯಾರು ಬೇಕಾದರೂ ಬರೆಯಬಹುದು. ಗಾರೆ ಕೆಲಸಕ್ಕೆ, ತೋಟದ ಕೆಲಸಕ್ಕೆ, ಮನೆಗೆಲಸಕ್ಕೆ ಹೋಗುವವರು ಕೇಳುತ್ತಾರೆ: "ಕುಂತ್ರ ಹೊಟ್ಟಿಗೆ ಯಾರ ಹಾಕ್ತಾರ?" ಈ ಮಾತಿಗೆ ಉಪದೇಶ ಉತ್ತರವಲ್ಲ. ಲೆಕ್ಕ ಹಾಕೋಣ. ದಿನಕ್ಕೆ 600 ರೂಪಾಯಿ ಕೂಲಿ ಎಂದಿಟ್ಟುಕೊಳ್ಳಿ. ವಾರಕ್ಕೆ ಆರು ದಿನದಂತೆ ಐದು ವಾರ ಕೂತರೆ 18,000 ರೂಪಾಯಿ ಹೋಗುತ್ತದೆ. ಬಾಡಿಗೆ, ಶಾಲೆಯ ಖರ್ಚು, ಊರಿಗೆ ಕಳಿಸುವ ಹಣ ಮಾತ್ರ ಕಾಯುವುದಿಲ್ಲ.

ಗೋವೆಯಲ್ಲಿ 2016ರಲ್ಲಿ ಆರಂಭವಾದ ದೀನ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಇದೆ. ಐದು ವರ್ಷ ಇಲ್ಲಿ ವಾಸವಿರುವ ಕುಟುಂಬಗಳಿಗಾಗಿ ರೂಪಿಸಿದ ಯೋಜನೆ ಅದು. ಬಾಂಬೋಳಿಯಲ್ಲಿ ಗೋವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಆ ಕಾಲೇಜಿನ ಮೂಲ 1842ರ ಪೋರ್ಚುಗೀಸ್ ಕಾಲದ ವೈದ್ಯಶಾಲೆಗೆ ಹೋಗುತ್ತದೆ. ಇವು ಆಪರೇಷನ್ನಿನ ಹೊರೆ ಇಳಿಸುತ್ತವೆ. ಆದರೆ ಆಮೇಲಿನ ಐದು ವಾರಗಳ ಕೂಲಿ ಇವುಗಳ ಲೆಕ್ಕದಲ್ಲಿ ಬರುವುದಿಲ್ಲ. ಕಾರ್ಖಾನೆಯಲ್ಲೋ ದೊಡ್ಡ ಅಂಗಡಿಯಲ್ಲೋ ಕೆಲಸ ಮಾಡುತ್ತಾ ಇಎಸ್‌ಐಗೆ ಹಣ ಕಡಿತವಾಗುತ್ತಿರುವವರಿಗೆ, ಅಗತ್ಯ ದಿನಗಳ ವಂತಿಗೆ ತುಂಬಿದ್ದರೆ, ಕಾಯಿಲೆಯ ರಜೆಗೆ ಕೂಲಿಯ ನೂರಕ್ಕೆ 70 ಭಾಗ, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂದು ಕಡಿತವಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ. ಅದು ದಾನವಲ್ಲ, ನಿಮ್ಮ ಹಕ್ಕು. ಆದರೆ ದಿನಗೂಲಿಯವರಿಗೆ, ಮನೆಗೆಲಸದ ಅಕ್ಕಂದಿರಿಗೆ ಸಾಮಾನ್ಯವಾಗಿ ಇದೂ ಇಲ್ಲ. ಅವರ ಆರು ವಾರಗಳು ಯಾರ ಪುಸ್ತಕದಲ್ಲೂ ಬರೆದಿಲ್ಲ.

ಇಲ್ಲಿ ಒಳ್ಳೆಯ ಸಮಾರಿಯದವನ ಕಥೆಯ ಕೊನೆಯ ಭಾಗ ನಮಗೆ ಹೊಸದಾಗಿ ಕಾಣಿಸಿತು. ಅವನು ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದನ್ನು ಎಲ್ಲರೂ ನೆನಪಿಡುತ್ತೇವೆ. ಅದು ಮೊದಲ ದಿನದ ಕೆಲಸ. ಮರುದಿನ ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಅಂಥ ಒಂದು ನಾಣ್ಯ ಆ ಕಾಲದ ಒಂದು ದಿನದ ಕೂಲಿ. ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದೂ ಮಾತು ಕೊಟ್ಟ. ತಾನು ಕಣ್ಣಿನಿಂದ ನೋಡದ ದಿನಗಳಿಗೆ, ಗಾಯ ಒಣಗಿ ಎಲ್ಲರೂ ಮರೆತುಬಿಡುವ ದಿನಗಳಿಗೆ ಅವನು ಹಣ ಕಟ್ಟಿದ. ಗಾಯಾಳು ಎಷ್ಟು ದಿನಕ್ಕೆ ಏಳಬೇಕು ಎಂಬ ಗಡುವನ್ನೂ ಹಾಕಲಿಲ್ಲ. ಅವನ ಕರುಣೆ ಗಾಯದ ಹತ್ತಿರವೇ ನಿಲ್ಲದೆ ಗುಣವಾಗುವ ತನಕ ಹೋಯಿತು.

ನಮ್ಮ ಸಹಾಯ ಹೆಚ್ಚಾಗಿ ಆಪರೇಷನ್ನಿನ ದಿನದ ಸುತ್ತಲೇ ಸೇರುತ್ತದೆ. ಆಸ್ಪತ್ರೆಗೆ ಹತ್ತು ಜನ ಹೋಗುತ್ತಾರೆ, ಎಳನೀರು, ಬಿಸ್ಕಿಟು ರಾಶಿ ಬೀಳುತ್ತದೆ, ಜಪಮಾಲೆ ಹೇಳುತ್ತಾರೆ. ಹನ್ನೆರಡನೆಯ ದಿನ ಬಾಗಿಲು ತಟ್ಟುವವರು ಯಾರು? ಕೊಡ ತುಂಬಿಡುವವರು ಯಾರು? ಕೆಲಸದ ಮನೆಯ ಬಾಯಿಯ ಹತ್ತಿರ ಹೋಗಿ "ಇನ್ನೂ ಮೂರು ವಾರ ಬೇಕು, ಅಷ್ಟು ದಿನ ನಾವು ಬೇರೆಯವರನ್ನು ಕಳಿಸುತ್ತೇವೆ, ಇವರ ಕೆಲಸ ಇವರಿಗೇ ಇರಲಿ" ಎಂದು ಹೇಳುವವರು ಯಾರು?

ಕೆಲಸ ಕೊಡುವವರೂ ನಮ್ಮ ನಡುವೆಯೇ ಇದ್ದಾರೆ. ಅವರಿಗೂ ತೊಂದರೆಗಳಿವೆ, ಅರ್ಧಕ್ಕೆ ನಿಂತ ಕೆಲಸ ಅವರಿಗೂ ಸಾಲ. ಸಂತ ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದ ತಿರುಳು ಇದು: ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ. ಆರು ವಾರ ಕಾದರೆ ಸಿಗುವುದು ವರ್ಷಗಳ ಕಾಲ ದುಡಿಯಬಲ್ಲ ಗಟ್ಟಿ ಮನುಷ್ಯ. ಎರಡೇ ವಾರಕ್ಕೆ ಕರೆದರೆ ಸಿಗುವುದು ಬಹುಶಃ ಮತ್ತೆ ಹಾಸಿಗೆ ಹಿಡಿಯುವ ಮನುಷ್ಯ. ಪೂರ್ತಿ ಕೂಲಿ ಕೊಡಲಾಗದಿದ್ದರೂ ಕೆಲಸವನ್ನು ಹಿಡಿದಿಟ್ಟು ಕಾಯುವುದು, ಮೊದಲ ಹದಿನೈದು ದಿನ ಚೀಲ ಹೊರುವ ಬದಲು ಹಾಜರಿ ಬರೆಯುವ ಕೆಲಸ ಕೊಡುವುದು ಬಹುಮಂದಿಗೆ ಸಾಧ್ಯವಿದೆ.

ಹಾಗೆಯೇ ರೋಗಿಗೂ ಒಂದು ಕರ್ತವ್ಯವಿದೆ. ನೋವಿದ್ದರೆ ಇದೆ ಎನ್ನುವುದು, ಇಳಿದಿದ್ದರೆ ಇಳಿದಿದೆ ಎನ್ನುವುದು. ಮರ್ಯಾದೆಗೆ ಅಂಜಿ ನೋವು ಮುಚ್ಚಿಡುವುದೂ ಬೇಡ, ಗುಣವಾದ ಮೇಲೂ ಹಾಸಿಗೆ ಹಿಡಿದು ಇತರರ ಒಳ್ಳೆಯತನವನ್ನು ಸವೆಸುವುದೂ ಬೇಡ. ಒಬ್ಬರು ಸುಳ್ಳು ಹೇಳಿದರೆ ಮುಂದೆ ನಿಜ ಹೇಳುವವರನ್ನೂ ಜನ ನಂಬುವುದಿಲ್ಲ.

ನಮ್ಮಿಂದ ಏನಾದೀತು?

ಯುವಜನ ಗುಂಪಿನ ನಮ್ಮಲ್ಲಿ ದೊಡ್ಡ ಹಣವಿಲ್ಲ. ಆದರೆ ಕೈಕಾಲು ಗಟ್ಟಿಯಾಗಿವೆ, ಎರಡು ಮೂರು ಭಾಷೆಗಳು ಬರುತ್ತವೆ. ಆದ್ದರಿಂದ ನಾವು ಮಾಡಬಹುದಾದದ್ದನ್ನಷ್ಟೇ ಹೇಳುತ್ತೇವೆ. ಆಪರೇಷನ್ ಆಗಲಿರುವವರು ಮೊದಲೇ ತಿಳಿಸಿದರೆ ಬಿಡುಗಡೆಯ ದಿನ ನಮ್ಮಲ್ಲೊಬ್ಬರು ಜೊತೆಗೆ ಬಂದು ಡಾಕ್ಟರರ ಮಾತನ್ನು ಕನ್ನಡದಲ್ಲಿ ತಿಳಿಸುತ್ತೇವೆ, ಮೇಲಿನ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಕನ್ನಡದಲ್ಲಿ ಬರೆದುಕೊಡುತ್ತೇವೆ. ಡಾಕ್ಟರ್ ಹೇಳಿದಷ್ಟು ವಾರ ನೀರು, ಸಿಲಿಂಡರ್, ಸಂತೆಯ ಚೀಲ ಎತ್ತಿಕೊಡಲು ಹತ್ತಿರದ ಮನೆಗಳ ಹುಡುಗ ಹುಡುಗಿಯರು ಸರದಿಯಲ್ಲಿ ಬರುತ್ತಾರೆ. ಹೆಂಗಸರಿರುವ ಮನೆಗೆ ನಮ್ಮ ಹುಡುಗಿಯರೇ ಹೋಗುತ್ತಾರೆ. ಯೋಜನೆಯ ಕಾರ್ಡು, ಇಎಸ್‌ಐ ಕಾಗದ ಇದ್ದರೆ ಓದಿ ಹೇಳುತ್ತೇವೆ. ಔಷಧಿಯ ಬಗ್ಗೆ ಮಾತ್ರ ನಾವು ಸಲಹೆ ಕೊಡುವುದಿಲ್ಲ, ಅದು ಡಾಕ್ಟರರ ಕೆಲಸ.

ಉಳಿದವರಲ್ಲಿ ನಮ್ಮ ಕೋರಿಕೆ ಇನ್ನೂ ಚಿಕ್ಕದು. ಪ್ರತಿ ವರ್ಷ ಫೆಬ್ರವರಿ 11ರಂದು ಧರ್ಮಸಭೆ ವಿಶ್ವ ರೋಗಿಗಳ ದಿನ ಆಚರಿಸುತ್ತದೆ. ಆದರೆ ರೋಗಿಯ ದಿನ ವರ್ಷಕ್ಕೊಂದೇ ಅಲ್ಲ. ಅದು ಹನ್ನೆರಡನೆಯ ದಿನವೂ ಹೌದು, ಇಪ್ಪತ್ತೈದನೆಯ ದಿನವೂ ಹೌದು. ಮುಂದಿನ ಸಲ ಆಪರೇಷನ್ ಆದ ಮನೆಗೆ ಹೋದಾಗ "ಇಷ್ಟೇನಾ?" ಎನ್ನುವ ಬದಲು "ಈಗ ಹ್ಯಾಂಗೈತಿ? ಏನ್ ಎತ್ತಿಕೊಡ್ಲಿ?" ಎಂದು ಕೇಳೋಣ. ಉತ್ತರ ಬರುವ ತನಕ ಒಂದು ಕ್ಷಣ ಕಾಯೋಣ. ನಮ್ಮ ನಡುವೆ ಮೆಲ್ಲಗೆ ಗುಣವಾಗುತ್ತಿರುವ ಎಲ್ಲರಿಗೂ ದೇವರು ತಾಳ್ಮೆ ಕೊಡಲಿ, ಅವರನ್ನು ಕಾಯುವಷ್ಟು ತಾಳ್ಮೆಯನ್ನು ನಮಗೂ ಕೊಡಲಿ.

ಯುವಜನ ಸಂಚಾಲಕರು, ವಾಳಪೈ